ಕಾಫಿ ಬೀಜ ತಂದು ಮನೇಲೇ ಪುಡಿ ಮಾಡೋದು ಹೇಗೆ? ಮನೆಯವರಿಗೆ, ಹೋಟೆಲ್‌ನವರಿಗೆ, ಅಂಗಡಿಯವರಿಗೆ ಪೂರ್ತಿ ಮಾಹಿತಿ

ಹುಲಿಯೂರುದುರ್ಗ: ಅರ್ಧ ಕೆ.ಜಿ. ಕಾಫಿ ಪುಡಿ ಪ್ಯಾಕೆಟ್ ಕತ್ತರಿಸಿದ ದಿನ ಘಮ ಪಕ್ಕದ ಮನೆಗೂ ಹೋಗುತ್ತೆ. ಹತ್ತನೇ ದಿನ ಅದೇ ಡಬ್ಬದ ಮುಚ್ಚಳ ತೆಗೆದು ಮೂಗು ಹತ್ತಿರ ಇಟ್ಟರೂ ಅಷ್ಟೇನೂ ಗೊತ್ತಾಗಲ್ಲ. ಬಣ್ಣ ಇರುತ್ತೆ, ಕಹಿ ಇರುತ್ತೆ, ಘಮ ಹೋಗಿರುತ್ತೆ. ಆಗ ನಾವು ಮಾಡೋದು ಎರಡೇ ಕೆಲಸ. ಒಂದು ಚಮಚ ಪುಡಿ ಜಾಸ್ತಿ ಹಾಕ್ತೀವಿ, ಇಲ್ಲಾಂದ್ರೆ ಮುಂದಿನ ಸಲ ಬೇರೆ ಬ್ರ್ಯಾಂಡ್ ತರ್ತೀವಿ. ಎರಡರಲ್ಲೂ ದುಡ್ಡು ನಮ್ಮದೇ ಹೋಗೋದು.

ದುಡ್ಡಿನ ಮಾತು ಸುಮ್ಮನೆ ಹೇಳ್ತಿಲ್ಲ. ಬ್ರೆಜಿಲ್, ವಿಯೆಟ್ನಾಂ ದೇಶಗಳಲ್ಲಿ ಬರ, ಹವಾಮಾನದ ಏರುಪೇರಿನಿಂದ ಬೆಳೆ ಕಮ್ಮಿಯಾಗಿ, 2025ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಅರೇಬಿಕಾ ಕಾಫಿ ಬೆಲೆ ಪೌಂಡಿಗೆ 4 ಡಾಲರ್ ದಾಟಿ ದಾಖಲೆ ಬರೆಯಿತು. ಅದರ ಬಿಸಿ ನಮ್ಮೂರ ದಿನಸಿ ಅಂಗಡಿವರೆಗೂ ಬಂತು. ಬೆಲೆ ನಮ್ಮ ಕೈಯಲ್ಲಿಲ್ಲ. ಆದರೆ ಕೊಟ್ಟ ದುಡ್ಡಿಗೆ ಎಷ್ಟು ಕಾಫಿ ಬಂತು, ಎಷ್ಟು ಚಿಕೋರಿ ಬಂತು, ಬಂದ ಕಾಫಿಯ ಘಮ ಎಷ್ಟು ದಿನ ಉಳಿಯಿತು ಅನ್ನೋದು ನಮ್ಮ ಕೈಯಲ್ಲೇ ಇದೆ. ಅದಕ್ಕೆ ಇರೋ ದಾರಿ ಸುಲಭ: ಪುಡಿ ಬದಲು ಹುರಿದ ಬೀಜ ತನ್ನಿ, ಬೇಕಾದಷ್ಟು ಮಾತ್ರ ಬೇಕಾದಾಗ ಪುಡಿ ಮಾಡಿ. ಇದಕ್ಕೆ ಸಾವಿರಾರು ರೂಪಾಯಿ ಮೆಷಿನ್ ಬೇಡ. ಮನೇಲಿರೋ ಮಿಕ್ಸಿ ಸಾಕು.

ಇಡೀ ತೆಂಗಿನಕಾಯಿ, ತುರಿದ ತೆಂಗಿನಕಾಯಿ

ತೆಂಗಿನ ಜಿಲ್ಲೆಯವರಾದ ನಮಗೆ ಇದು ಬೇಗ ಅರ್ಥ ಆಗುತ್ತೆ. ಕಾಯಿ ಇಡಿಯಾಗಿ ಇಟ್ಟರೆ ತಿಂಗಳುಗಟ್ಟಲೆ ಇರುತ್ತೆ. ಒಡೆದರೆ ಮಾರನೇ ದಿನಕ್ಕೆ ಕಷ್ಟ. ತುರಿದಿಟ್ಟರೆ ಬೇಸಿಗೆಯಲ್ಲಿ ಸಂಜೆಗೇ ಹಳಸು ವಾಸನೆ. ಕಾಯಿ ಅದೇ, ಗಾಳಿ ತಾಗುವ ಜಾಗ ಮಾತ್ರ ಹೆಚ್ಚಾಯ್ತು. ಕಾಫಿ ಬೀಜದ ಕಥೆಯೂ ಹೀಗೇ.

ಬೀಜ ಹುರಿಯುವಾಗ ಅದರೊಳಗೆ ನೂರಾರು ಬಗೆಯ ಪರಿಮಳದ ವಸ್ತುಗಳು ಹುಟ್ಟುತ್ತವೆ. ಜೊತೆಗೆ ಇಂಗಾಲದ ಡೈಆಕ್ಸೈಡ್ ಅನಿಲ ತುಂಬಿಕೊಳ್ಳುತ್ತೆ. ಬೀಜ ಇಡಿಯಾಗಿದ್ದಾಗ ಈ ಅನಿಲ ನಿಧಾನಕ್ಕೆ ಹೊರಗೆ ಬರುತ್ತಾ, ಒಳಗೆ ಆಮ್ಲಜನಕ ಸುಲಭಕ್ಕೆ ನುಗ್ಗದಂತೆ ತಡೆಯುತ್ತೆ. ಪುಡಿ ಮಾಡಿದ ಕೂಡಲೇ ಅನಿಲದ ದೊಡ್ಡ ಪಾಲು ನಿಮಿಷಗಳಲ್ಲಿ ಹಾರಿಹೋಗುತ್ತೆ. ಅದರ ಜೊತೆಗೆ ಘಮವೂ ಹೋಗುತ್ತೆ. ಅಂಗಡಿಯಲ್ಲಿ ಪುಡಿ ಮಾಡುವಾಗ ರಸ್ತೆಯೆಲ್ಲಾ ಘಮ್ ಅನ್ನುತ್ತಲ್ಲ, ಅದು ನಿಮ್ಮ ಲೋಟಕ್ಕೆ ಬರಬೇಕಾಗಿದ್ದ ಪರಿಮಳ.

ಗಾಳಿ ತಾಗುವ ಜಾಗ ಎಷ್ಟು ಹೆಚ್ಚುತ್ತೆ ಅಂತ ಒಂದು ಲೆಕ್ಕ ನೋಡಿ. ಒಂದು ಸೆಂಟಿಮೀಟರ್ ಉದ್ದ, ಅಗಲ, ಎತ್ತರದ ಒಂದು ಬೆಲ್ಲದ ತುಂಡು ತಗೊಳ್ಳಿ. ಅದರ ಮೇಲ್ಮೈ 6 ಚದರ ಸೆಂಟಿಮೀಟರ್. ಅದನ್ನೇ ಒಂದೊಂದು ಮಿಲಿಮೀಟರ್ ಚೂರು ಮಾಡಿದರೆ 1000 ಚೂರು ಆಗುತ್ತೆ, ಒಟ್ಟು ಮೇಲ್ಮೈ 60 ಚದರ ಸೆಂಟಿಮೀಟರ್. ಹತ್ತು ಪಟ್ಟು. ಕಾಫಿ ಪುಡಿಯ ಕಣ ಒಂದು ಮಿಲಿಮೀಟರಿಗಿಂತ ಎಷ್ಟೋ ಸಣ್ಣದು. ಹಾಗಾಗಿ ಹುರಿದ ಬೀಜ ಚೆನ್ನಾಗಿ ಮುಚ್ಚಿಟ್ಟರೆ ಎರಡರಿಂದ ನಾಲ್ಕು ವಾರ ರುಚಿ ಕೊಡುತ್ತೆ. ತೆರೆದ ಪುಡಿ ಕೆಲವೇ ದಿನದಲ್ಲಿ ಸಪ್ಪೆ ಆಗುತ್ತೆ.

ಕಾಫಿ ಬರೋ ರಸ್ತೆ ನಮ್ಮ ತಾಲ್ಲೂಕಿನಲ್ಲೇ ಇದೆ

ಹುಲಿಯೂರುದುರ್ಗ ರಾಗಿ, ತೆಂಗಿನ ಸೀಮೆ. ಕಾಫಿ ತೋಟ ನಮ್ಮಲ್ಲಿಲ್ಲ. ಆದರೆ ಕಾಫಿ ನಾಡಿನಿಂದ ಬೆಂಗಳೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 75 ಕುಣಿಗಲ್ ಮೇಲೇ ಹೋಗುತ್ತೆ. ಅದೇ ರಸ್ತೆ ಹಿಡಿದು ಚನ್ನರಾಯಪಟ್ಟಣ, ಹಾಸನ ದಾಟಿದರೆ ಸಕಲೇಶಪುರದ ತೋಟಗಳು. ದೇಶದ ಕಾಫಿಯಲ್ಲಿ ಸುಮಾರು ಶೇ. 70 ಭಾಗ ಕರ್ನಾಟಕದ್ದು. ಕೊಡಗು, ಚಿಕ್ಕಮಗಳೂರು, ಹಾಸನ ಈ ಮೂರು ಜಿಲ್ಲೆಗಳೇ ಮುಖ್ಯ. 17ನೇ ಶತಮಾನದಲ್ಲಿ ಬಾಬಾ ಬುಡನ್ ಅವರು ಯೆಮನ್ ದೇಶದಿಂದ ಏಳು ಬೀಜ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದರು ಅನ್ನೋ ಕಥೆ ಎಲ್ಲರಿಗೂ ಗೊತ್ತಿರೋದೇ. ಕಾಫಿ ಮಂಡಳಿಯ ಕೇಂದ್ರ ಕಚೇರಿ ಬೆಂಗಳೂರಿನಲ್ಲಿದೆ, ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಬಾಳೆಹೊನ್ನೂರಿನಲ್ಲಿದೆ. ಅಂದರೆ ಒಳ್ಳೆ ಬೀಜಕ್ಕೆ ನಾವು ದೂರ ಹುಡುಕಬೇಕಾಗಿಲ್ಲ.

ಮನೇಲಿ ಪುಡಿ ಮಾಡೋದು ಹೊಸ ಫ್ಯಾಷನ್ ಕೂಡ ಅಲ್ಲ. ಹಳೇ ಮೈಸೂರು ಕಡೆಯ ಎಷ್ಟೋ ಮನೆಗಳಲ್ಲಿ ಹಸಿ ಬೀಜ ತಂದು, ಕಬ್ಬಿಣದ ಬಾಣಲೆಯಲ್ಲಿ ಹುರಿದು, ಗೋಡೆಗೋ ಮೇಜಿಗೋ ಬಿಗಿದ ಕೈ ಮೆಷಿನ್ ತಿರುಗಿಸಿ ದಿನಾ ಪುಡಿ ಮಾಡಿಕೊಳ್ತಿದ್ದರು. ಪ್ಯಾಕೆಟ್ ಬಂದ ಮೇಲೆ ಆ ಮೆಷಿನ್ ಅಟ್ಟ ಸೇರಿತು. ನಿಮ್ಮ ಅಟ್ಟದಲ್ಲೂ ಒಂದಿದ್ದರೆ ಗುಜರಿಗೆ ಹಾಕಬೇಡಿ. ತುಕ್ಕು ಹಿಡಿಯದೆ ಹಲ್ಲು ಚೆನ್ನಾಗಿದ್ದರೆ ಇವತ್ತಿಗೂ ಅದು ಮಿಕ್ಸಿಗಿಂತ ಒಳ್ಳೆ ಪುಡಿ ಕೊಡುತ್ತೆ.

ಬೀಜ ಕೊಳ್ಳುವಾಗ ಏನು ಕೇಳಬೇಕು?

ಕಣ್ಣೆದುರೇ ಪುಡಿ ಮಾಡಿಕೊಡುವ ಕಾಫಿ ಪುಡಿ ಅಂಗಡಿಗಳಲ್ಲಿ ಹುರಿದ ಬೀಜ ಇದ್ದೇ ಇರುತ್ತೆ. ಕುಣಿಗಲ್, ಮದ್ದೂರು, ತುಮಕೂರಿಗೆ ಕೆಲಸದ ಮೇಲೆ ಹೋದಾಗ ಅಂಥ ಅಂಗಡಿಯಲ್ಲಿ ಪುಡಿ ಬೇಡ, ಬೀಜವೇ ಕೊಡಿ ಅಂತ ಕೇಳಿ. ಹಾಸನ, ಸಕಲೇಶಪುರ ಕಡೆ ನೆಂಟರಿದ್ದರೆ ಅವರ ಕೈಲೂ ತರಿಸಬಹುದು. ಅಂಗಡಿಯಲ್ಲಿ ಕಿವಿಗೆ ಬೀಳುವ ಹೆಸರುಗಳ ಅರ್ಥ ಇಷ್ಟು:

ಅರೇಬಿಕಾ: ಘಮ ಜಾಸ್ತಿ, ಕಹಿ ಕಮ್ಮಿ, ಸ್ವಲ್ಪ ಹುಳಿ ಅಂಶ. ಬೆಲೆ ಸಾಮಾನ್ಯವಾಗಿ ಹೆಚ್ಚು.

ರೊಬಸ್ಟಾ: ಗಟ್ಟಿ, ಕಹಿ, ಕಡು ಬಣ್ಣ. ಕೆಫೀನ್ ಅರೇಬಿಕಾದ ಸುಮಾರು ಎರಡು ಪಟ್ಟು. ಹಾಲು ಜಾಸ್ತಿ ಹಾಕಿ ಕುಡಿಯೋರಿಗೆ ಇದು ಸ್ವಲ್ಪ ಬೆರೆತರೆ ಕಾಫಿ ಎದ್ದು ಕಾಣುತ್ತೆ.

ಪ್ಲಾಂಟೇಶನ್: ಹಣ್ಣಿನ ಸಿಪ್ಪೆ ತೆಗೆದು ತೊಳೆದು ಒಣಗಿಸಿದ ಅರೇಬಿಕಾ. ಪ್ಲಾಂಟೇಶನ್ ಎ ಅಂದರೆ ಅದರಲ್ಲಿ ದಪ್ಪ ಕಾಳು.

ಚೆರ್ರಿ: ಹಣ್ಣನ್ನು ಹಾಗೇ ಒಣಗಿಸಿ ಆಮೇಲೆ ಸಿಪ್ಪೆ ತೆಗೆದದ್ದು. ಅರೇಬಿಕಾ ಚೆರ್ರಿ, ರೊಬಸ್ಟಾ ಚೆರ್ರಿ ಎರಡೂ ಇದೆ.

ಪೀಬೆರಿ: ಸಾಮಾನ್ಯವಾಗಿ ಒಂದು ಹಣ್ಣಿನಲ್ಲಿ ಎರಡು ಬೇಳೆ ಇರುತ್ತೆ. ಒಂದೇ ಬೆಳೆದು ದುಂಡಗಾದರೆ ಅದು ಪೀಬೆರಿ. ಒಂದೇ ಆಕಾರ ಇರೋದರಿಂದ ಹದವಾಗಿ ಹುರಿಯುತ್ತೆ ಅಂತ ಬೇಡಿಕೆ.

ಮೊದಲ ಸಲ ಕೊಳ್ಳೋರು ಅರೇಬಿಕಾ 70, ರೊಬಸ್ಟಾ 30 ಲೆಕ್ಕದಲ್ಲಿ ಮಿಶ್ರಣ ಕೇಳಿ. ಹಾಲು ಹಾಕಿದ ಕಾಫಿಗೆ ಇದು ಹೊಂದುತ್ತೆ. ಆಮೇಲೆ ನಿಮ್ಮ ನಾಲಿಗೆ ನೋಡಿ ಬದಲಾಯಿಸಿಕೊಳ್ಳಿ. ಹುರಿದ ಬಣ್ಣ ಮಧ್ಯಮ ಇರಲಿ. ತೀರಾ ಕಪ್ಪಾಗಿ, ಮೇಲೆಲ್ಲಾ ಎಣ್ಣೆ ಜಿನುಗಿರೋ ಬೀಜದಲ್ಲಿ ಸುಟ್ಟ ರುಚಿಯೇ ಮುಂದೆ ಬರುತ್ತೆ, ಬೇಗ ಕಮಟು ವಾಸನೆಯೂ ಹಿಡಿಯುತ್ತೆ.

ಎಲ್ಲಕ್ಕಿಂತ ಮುಖ್ಯ ಪ್ರಶ್ನೆ ಒಂದೇ: ಯಾವತ್ತು ಹುರಿದದ್ದು? ಅಂಗಡಿಯವರು ದಿನ ಹೇಳಿದರೆ ಧೈರ್ಯವಾಗಿ ತಗೊಳ್ಳಿ. ಹೇಳದಿದ್ದರೆ ನಾಲ್ಕು ಬೀಜ ಕೈಗೆ ತಗೊಂಡು ಒಂದನ್ನು ಹಲ್ಲಲ್ಲಿ ಕಚ್ಚಿ ನೋಡಿ. ಹೊಸದು ಪಟಕ್ಕನೆ ಮುರಿದು ಬಾಯಿ ತುಂಬಾ ಘಮ ಕೊಡುತ್ತೆ. ಮೆತ್ತಗಿದ್ದರೆ ತೇವ ಎಳೆದಿದೆ, ಕಮಟು ಬಂದರೆ ಹಳೇದು.

ಎಷ್ಟು ತರಬೇಕು?

ಒಂದು ಲೋಟ ಕಾಫಿಗೆ ಸುಮಾರು 6ರಿಂದ 7 ಗ್ರಾಂ ಬೇಕು. ನಾಲ್ಕು ಜನರ ಮನೆ, ಬೆಳಗ್ಗೆ ಕಾಫಿ, ಸಂಜೆ ಟೀ ಅಂದರೆ ದಿನಕ್ಕೆ 25 ಗ್ರಾಂ ಚಿಲ್ಲರೆ. ಕಾಲು ಕೆ.ಜಿ. ಹತ್ತು ದಿನ ಬರುತ್ತೆ. ಎರಡು ಹೊತ್ತೂ ಕಾಫಿ ಕುಡಿಯೋ ಮನೆಗೆ ಐದು ದಿನ. ಕಾಲು ಕೆ.ಜಿ. ತನ್ನಿ, ಹೆಚ್ಚಂದರೆ ಅರ್ಧ ಕೆ.ಜಿ. ತಿಂಗಳ ದಿನಸಿ ಪಟ್ಟಿಯಲ್ಲಿ ಎರಡು ಕೆ.ಜಿ. ಬರೆಯೋ ಅಭ್ಯಾಸ ಕಾಫಿಗೆ ಸರಿಹೋಗಲ್ಲ.

ಚಿಕೋರಿ ಲೆಕ್ಕ: ದುಡ್ಡು ಕೊಡ್ತಿರೋದು ಯಾವುದಕ್ಕೆ?

ಚಿಕೋರಿ ಅನ್ನೋದು ಒಂದು ಗಿಡದ ಬೇರು. ಗುಜರಾತ್, ಉತ್ತರ ಪ್ರದೇಶದಲ್ಲಿ ಬೆಳೀತಾರೆ. ಹುರಿದು ಪುಡಿ ಮಾಡಿದರೆ ಕಾಫಿಗೆ ಕಡು ಬಣ್ಣ, ಮಂದ ಕೊಡುತ್ತೆ. ಅದರಲ್ಲಿ ಕೆಫೀನ್ ಇಲ್ಲ. ಅದು ವಿಷ ಅಲ್ಲ, ಕಲಬೆರಕೆಯೂ ಅಲ್ಲ, ಹೇಳಿ ಬೆರೆಸಿದರೆ ಕಾನೂನುಬದ್ಧ. ನಮ್ಮ ಕಡೆ ಎಷ್ಟೋ ಜನರಿಗೆ ಚಿಕೋರಿ ಇಲ್ಲದ ಕಾಫಿ ತೆಳ್ಳಗೆ ಅನಿಸುತ್ತೆ. ಅದು ಅವರವರ ರುಚಿ.

ಪ್ರಶ್ನೆ ಇರೋದು ಎಷ್ಟು ಅನ್ನೋದರಲ್ಲಿ. ಆಹಾರ ಸುರಕ್ಷತಾ ನಿಯಮದ ಪ್ರಕಾರ ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಶೇ. 51ಕ್ಕಿಂತ ಕಮ್ಮಿ ಇರುವಂತಿಲ್ಲ. ಎರಡೂ ಶೇಕಡಾ ಎಷ್ಟು ಅಂತ ಪ್ಯಾಕೆಟ್ ಮೇಲೆ ಬರೆಯಲೇಬೇಕು. ಈಗಲೇ ಎದ್ದು ಹೋಗಿ ಅಡುಗೆಮನೆಯ ಪ್ಯಾಕೆಟ್ ತಿರುಗಿಸಿ ನೋಡಿ. 53:47 ಅಂತ ಇದ್ದರೆ ಅರ್ಧ ಕೆ.ಜಿ. ಪ್ಯಾಕೆಟ್‌ನಲ್ಲಿ ಕಾಫಿ 265 ಗ್ರಾಂ, ಚಿಕೋರಿ 235 ಗ್ರಾಂ. 80:20 ಆದರೆ 400 ಗ್ರಾಂ, 100 ಗ್ರಾಂ. ಎರಡು ಪ್ಯಾಕೆಟ್ ಬೆಲೆ ಹೋಲಿಸುವಾಗ ಈ ಲೆಕ್ಕ ಹಾಕದೆ ಇದು ಸೋವಿ, ಅದು ದುಬಾರಿ ಅನ್ನೋಕಾಗಲ್ಲ.

ಬೀಜ ತಂದರೆ ಈ ಗೊಂದಲವೇ ಇಲ್ಲ. ಬೀಜದಲ್ಲಿ ಚಿಕೋರಿ ಬೆರೆಸೋಕಾಗಲ್ಲ. ಬೇಕಾದವರು ಚಿಕೋರಿ ಪುಡಿಯನ್ನೇ ಬೇರೆ ಪೊಟ್ಟಣದಲ್ಲಿ ತಂದು, 100 ಗ್ರಾಂ ಕಾಫಿ ಪುಡಿಗೆ 10ರಿಂದ 20 ಗ್ರಾಂ ತಾವೇ ಬೆರೆಸಿಕೊಳ್ಳಬಹುದು. ಚಿಕೋರಿ ಬೇಗ ತೇವ ಎಳೆದು ಗಂಟು ಕಟ್ಟುತ್ತೆ, ಬೇರೆ ಡಬ್ಬದಲ್ಲಿ ಬಿಗಿಯಾಗಿ ಮುಚ್ಚಿಡಿ. ಪ್ರತಿ ಸಲ ಫಿಲ್ಟರ್‌ಗೆ ಹಾಕುವಾಗ ಮಾತ್ರ ಬೆರೆಸಿ.

ಮನೇಲಿರೋ ಪುಡಿಯನ್ನು ಪರೀಕ್ಷೆ ಮಾಡಬೇಕಾ? ಗಾಜಿನ ಲೋಟದಲ್ಲಿ ತಣ್ಣೀರು ತಗೊಂಡು ಮೇಲೆ ಒಂದು ಚಿಟಿಕೆ ಪುಡಿ ಉದುರಿಸಿ, ಕಲಕಬೇಡಿ. ಕಾಫಿ ತೇಲುತ್ತೆ. ಚಿಕೋರಿ ಕೆಲವೇ ಸೆಕೆಂಡಿನಲ್ಲಿ ಕಂದು ಬಣ್ಣದ ಗೆರೆ ಬಿಡುತ್ತಾ ಕೆಳಗೆ ಇಳಿಯುತ್ತೆ. ಮಣ್ಣು ಬೆರೆತಿದೆಯಾ ಅಂತ ನೋಡೋಕೆ ಅರ್ಧ ಚಮಚ ಪುಡಿಯನ್ನು ಲೋಟ ನೀರಲ್ಲಿ ಒಂದು ನಿಮಿಷ ಕಲಕಿ ಐದು ನಿಮಿಷ ಬಿಡಿ. ತಳದಲ್ಲಿ ಮಣ್ಣಿನ ಕಣ ಕೂತರೆ ಗೊತ್ತಾಗುತ್ತೆ.

ಪುಡಿ ಮಾಡೋಕೆ ಯಾವುದು ಒಳ್ಳೇದು?

ಕೈ ಮೆಷಿನ್ ಒಳಗೆ ಹಲ್ಲಿರುವ ಎರಡು ಚಕ್ರ ಇರುತ್ತೆ. ನಡುವಿನ ಅಂತರದಲ್ಲಿ ಬೀಜ ಸಿಕ್ಕಿ ಪುಡಿಯಾಗುತ್ತೆ. ಅಂತರ ಹೆಚ್ಚು ಕಮ್ಮಿ ಮಾಡಿದರೆ ಪುಡಿ ದಪ್ಪ, ನುಣ್ಣಗೆ ಆಗುತ್ತೆ. ನಮ್ಮ ರಾಗಿ ಬೀಸೋ ಕಲ್ಲಿನ ತತ್ವವೇ ಇದು. ಎಲ್ಲಾ ಕಣ ಹೆಚ್ಚೂಕಮ್ಮಿ ಒಂದೇ ಗಾತ್ರ ಬರುತ್ತೆ, ಬಿಸಿಯಾಗಲ್ಲ, ಕರೆಂಟ್ ಇಲ್ಲದಾಗಲೂ ನಡೆಯುತ್ತೆ. ಇದೇ ಚಕ್ರದ ವಿದ್ಯುತ್ ಗ್ರೈಂಡರ್ ಕೂಡ ಸಿಗುತ್ತೆ, ಬೆಲೆ ಹೆಚ್ಚು.

ಮಿಕ್ಸಿ ಬ್ಲೇಡು ಬೀಜವನ್ನು ಬೀಸಲ್ಲ, ಕತ್ತರಿಸುತ್ತೆ. ಸ್ವಲ್ಪ ಹಿಟ್ಟು, ಸ್ವಲ್ಪ ತರಿ ಹೀಗೆ ಮಿಶ್ರ ಆಗುತ್ತೆ. ಜಾಸ್ತಿ ಹೊತ್ತು ಓಡಿಸಿದರೆ ಬಿಸಿಯಾಗಿ ಘಮ ಜಾರಲ್ಲೇ ಹೋಗುತ್ತೆ. ಆದರೂ ಸರಿಯಾದ ಕ್ರಮದಲ್ಲಿ ಮಾಡಿದರೆ ಹಳೇ ಪುಡಿಗಿಂತ ಎಷ್ಟೋ ಮೇಲು.

ಹಿಟ್ಟಿನ ಗಿರಣಿಗೆ ಮಾತ್ರ ಕೊಡಬೇಡಿ. ಖಾರದ ಪುಡಿ, ಸಾಂಬಾರ್ ಪುಡಿ ಬೀಸಿದ ಮೆಷಿನ್‌ನಲ್ಲಿ ಕಾಫಿ ಬೀಸಿದರೆ ಎರಡೂ ಕೆಡುತ್ತೆ.

ಮಿಕ್ಸಿಯಲ್ಲಿ ಮಾಡುವ ಕ್ರಮ

ನನ್ನ ಮೊದಲ ಪ್ರಯತ್ನ ಹೇಳಿಬಿಡ್ತೀನಿ, ನೀವು ಹಾಗೆ ಮಾಡಬೇಡಿ. ಹಿಂದಿನ ದಿನ ಅಮ್ಮ ಚಟ್ನಿಪುಡಿ ಮಾಡಿದ್ದ ಜಾರನ್ನು ಸುಮ್ಮನೆ ಒರೆಸಿ, ಕಾಲು ಕೆ.ಜಿ. ಬೀಜ ಒಟ್ಟಿಗೇ ಸುರಿದು ಎರಡು ನಿಮಿಷ ಓಡಿಸಿದೆ. ಜಾರು ಕೈ ಸುಡುವಷ್ಟು ಬಿಸಿ. ಪುಡಿ ಮೈದಾ ಥರ ಆಗಿತ್ತು. ಫಿಲ್ಟರ್‌ಗೆ ಹಾಕಿದರೆ ಒಂದು ಗಂಟೆಯಾದರೂ ಡಿಕಾಕ್ಷನ್ ಇಳೀಲಿಲ್ಲ. ಇಳಿದಿದ್ದಕ್ಕೂ ಬ್ಯಾಡಗಿ ಮೆಣಸಿನಕಾಯಿ ವಾಸನೆ. ಅಪ್ಪ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟು ಬಸ್‌ಸ್ಟ್ಯಾಂಡ್ ಕಡೆ ಹೊರಟರು. ಆಮೇಲೆ ಕಲಿತ ಕ್ರಮ ಇದು:

1. ಚಟ್ನಿ ಮಾಡುವ ಚಿಕ್ಕ ಜಾರ್ ಬಳಸಿ. ತೊಳೆದು ಪೂರ್ತಿ ಒಣಗಿರಬೇಕು. ಮಸಾಲೆ ವಾಸನೆ ಇದ್ದರೆ ಮೊದಲು ಒಂದು ಹಿಡಿ ಅಕ್ಕಿ ಹಾಕಿ ಪುಡಿ ಮಾಡಿ ಚೆಲ್ಲಿ, ಒಣ ಬಟ್ಟೆಯಲ್ಲಿ ಒರೆಸಿ. ಸಾಧ್ಯವಾದರೆ ಕಾಫಿಗೇ ಒಂದು ಜಾರ್ ಬೇರೆ ಇಡಿ.

2. ಅವತ್ತಿಗೆ ಬೇಕಾದಷ್ಟು, 25ರಿಂದ 30 ಗ್ರಾಂ ಬೀಜ ಹಾಕಿ. ಜಾರ್ ಅರ್ಧಕ್ಕಿಂತ ಹೆಚ್ಚು ತುಂಬಬೇಡಿ. ಬ್ಲೇಡು ಮುಳುಗದಷ್ಟು ಕಮ್ಮಿ ಹಾಕಿದರೆ ಬೀಜ ಸುಮ್ಮನೆ ಹಾರುತ್ತೆ.

3. ಒಂದೇ ಸಮ ಓಡಿಸಬೇಡಿ. ಗುಂಡಿಯನ್ನು ಎಡಕ್ಕೆ ತಿರುಗಿಸಿ ಹಿಡಿದಾಗ ಮಾತ್ರ ಓಡುತ್ತಲ್ಲ, ಅದನ್ನು ಬಳಸಿ. ಮೂರು ನಾಲ್ಕು ಸೆಕೆಂಡ್ ಓಡಿಸಿ, ನಿಲ್ಲಿಸಿ, ಜಾರನ್ನು ಅಲುಗಾಡಿಸಿ. ಹೀಗೆ ಎಂಟು ಹತ್ತು ಸಲ.

4. ಮುಟ್ಟಿ ನೋಡಿ. ಜಾರ್ ಬೆಚ್ಚಗಾದರೆ ಒಂದೆರಡು ನಿಮಿಷ ಬಿಡಿ. ಒಳಗೆ ಕೈ ಹಾಕುವ ಮೊದಲು ಜಾರನ್ನು ಮಿಕ್ಸಿಯಿಂದ ತೆಗೆದಿರಬೇಕು.

5. ಸಣ್ಣ ಕಣ್ಣಿನ ಜರಡಿಯಲ್ಲಿ ಜಾಲಿಸಿ. ಮೇಲೆ ಉಳಿದ ತರಿಯನ್ನು ಇನ್ನೊಂದೆರಡು ಸಲ ತಿರುಗಿಸಿ ಸೇರಿಸಿ.

6. ತಕ್ಷಣ ಫಿಲ್ಟರ್‌ಗೆ ಹಾಕಿ. ಬೆಳಗ್ಗೆ ಶಬ್ದ ಮಾಡಿದರೆ ಮಕ್ಕಳು ಏಳ್ತಾರೆ ಅನ್ನೋರು ರಾತ್ರಿ ಮಲಗೋ ಮೊದಲು ಪುಡಿ ಮಾಡಿ ಬಿಗಿ ಡಬ್ಬದಲ್ಲಿಡಿ. ಒಂದು ರಾತ್ರಿಗೆ ನಷ್ಟ ಸ್ವಲ್ಪವೇ.

ಯಾವ ಕಾಫಿಗೆ ಎಷ್ಟು ನುಣ್ಣಗೆ?

ಅಳತೆಗೆ ಅಡುಗೆಮನೆಯ ರವೆಯೇ ಸಾಕು. ಫಿಲ್ಟರ್ ಕಾಫಿಗೆ ಚಿರೋಟಿ ರವೆಯಷ್ಟು. ಪಾತ್ರೆಯಲ್ಲಿ ಹಾಕಿ ಸೋಸುವ ಕಾಫಿಗೆ ಉಪ್ಪಿಟ್ಟಿನ ರವೆಯಷ್ಟು. ಮೈದಾ ಹಿಟ್ಟಿನಷ್ಟು ನುಣ್ಣಗೆ ಎರಡಕ್ಕೂ ಬೇಡ.

ಪುಡಿ ಸರಿಯಾಗಿದೆಯಾ ಅಂತ ಫಿಲ್ಟರೇ ಹೇಳುತ್ತೆ. ಎರಡು ಮೂರು ನಿಮಿಷದಲ್ಲಿ ನೀರೆಲ್ಲಾ ಇಳಿದು ಡಿಕಾಕ್ಷನ್ ತೆಳ್ಳಗೆ, ಹುಳಿ ಹುಳಿ ಇದ್ದರೆ ಪುಡಿ ದಪ್ಪ ಆಯ್ತು. ಒಂದು ಗಂಟೆಯಾದರೂ ನಿಂತು ಕಹಿಯಾದರೆ ನುಣ್ಣಗಾಯ್ತು. 15ರಿಂದ 20 ನಿಮಿಷದಲ್ಲಿ ಇಳಿದರೆ ಹದ ಸರಿ.

ಫಿಲ್ಟರ್ ಹಾಕೋದು: ಮೇಲಿನ ಪಾತ್ರೆಗೆ 25 ಗ್ರಾಂ ಪುಡಿ ಹಾಕಿ, ಸಮ ಮಾಡಿ. ಒಳಗಿನ ಕೊಡೆಯಂಥ ತಟ್ಟೆಯನ್ನು ಮೆಲ್ಲಗೆ ಇಡಿ, ಅದುಮಿ ಒತ್ತಬೇಡಿ. ನೀರು ಕುದಿ ಬಂದ ಮೇಲೆ ಒಲೆ ಆರಿಸಿ ಅರ್ಧ ನಿಮಿಷ ಬಿಟ್ಟು, ಮೊದಲು ಪುಡಿ ನೆನೆಯುವಷ್ಟು ಹಾಕಿ. ಹೊಸ ಪುಡಿ ಆದರೆ ನೊರೆ ಬಂದು ಉಬ್ಬುತ್ತೆ. ಒಳಗಿನ ಅನಿಲ ಹೊರಗೆ ಬರ್ತಿದೆ ಅಂತ ಅರ್ಥ, ಬೀಜ ಹೊಸದು ಅನ್ನೋದಕ್ಕೆ ಇದೇ ಗುರುತು. ಅರ್ಧ ನಿಮಿಷ ಬಿಟ್ಟು ಉಳಿದ ನೀರು ಹಾಕಿ, ಒಟ್ಟು 150 ಮಿ.ಲೀ. ಪುಡಿ ತನ್ನ ತೂಕದ ಎರಡರಷ್ಟು ನೀರು ಹಿಡಿದುಕೊಳ್ಳುತ್ತೆ, ಹಾಗಾಗಿ ಸುಮಾರು 100 ಮಿ.ಲೀ. ಡಿಕಾಕ್ಷನ್ ಸಿಗುತ್ತೆ. ನಾಲ್ಕು ಲೋಟಕ್ಕೆ ತಲಾ 25 ಮಿ.ಲೀ., ಮೇಲೆ ಬಿಸಿ ಹಾಲು. ಡಿಕಾಕ್ಷನ್ ಅನ್ನು ಮತ್ತೆ ಕುದಿಸಬೇಡಿ.

ಬೆಲ್ಲದ ಕಾಫಿ: ನಮ್ಮ ಹಳ್ಳಿಗಳಲ್ಲಿ ಫಿಲ್ಟರ್ ಇಲ್ಲದ ಮನೆಗಳೇ ಹೆಚ್ಚು. ನೀರು, ಬೆಲ್ಲ ಕುದಿಸಿ ಪುಡಿ ಹಾಕಿ ಸೋಸೋದು ರೂಢಿ. ಅದಕ್ಕೂ ಹೊಸ ಪುಡಿ ಚೆನ್ನಾಗೇ ಆಗುತ್ತೆ. ಬದಲಾಯಿಸಬೇಕಾದ್ದು ಒಂದೇ: ಪುಡಿ ಹಾಕಿ ಕುದಿಸಬೇಡಿ. ಬೆಲ್ಲದ ನೀರು ಕುದಿದ ಮೇಲೆ ಒಲೆ ಆರಿಸಿ, ದಪ್ಪ ಪುಡಿ ಹಾಕಿ, ತಟ್ಟೆ ಮುಚ್ಚಿ ನಾಲ್ಕು ನಿಮಿಷ ಬಿಟ್ಟು ಸೋಸಿ. ಹಾಲು ಬೇಕಾದರೆ ಬೇರೆ ಬಿಸಿ ಮಾಡಿ ಕೊನೆಗೆ ಸೇರಿಸಿ, ಬೆಲ್ಲದ ಜೊತೆ ಕುದಿಸಿದರೆ ಒಡೆಯೋ ಸಾಧ್ಯತೆ ಇದೆ.

ನೀರಿನ ಬಗ್ಗೆಯೂ ಒಂದು ಮಾತು. ಗಡುಸು ಬೋರ್‌ವೆಲ್ ನೀರಿನಲ್ಲಿ ಒಳ್ಳೆ ಕಾಫಿಯೂ ಸಪ್ಪೆ ಅನಿಸುತ್ತೆ. ಕುಡಿಯೋಕೆ ಶುದ್ಧ ನೀರಿನ ಘಟಕದಿಂದ ಕ್ಯಾನ್ ತರೋರು ಕಾಫಿಗೂ ಅದೇ ಬಳಸಿ.

ಎಲ್ಲಿ ಇಡಬೇಕು?

ಬೀಜಕ್ಕೆ ಶತ್ರುಗಳು ನಾಲ್ಕು: ಗಾಳಿ, ತೇವ, ಬಿಸಿ, ಬೆಳಕು. ಬಿಗಿ ಮುಚ್ಚಳದ ಸ್ಟೀಲ್ ಡಬ್ಬ ಸಾಕು. ಒಲೆ ಪಕ್ಕ, ಕಿಟಕಿ ಬಿಸಿಲು ಬೇಡ. ಇಂಗು, ಮಸಾಲೆ, ಊದುಬತ್ತಿ, ಸೋಪಿನ ಪಕ್ಕವೂ ಬೇಡ, ಕಾಫಿ ಬೇರೆ ವಾಸನೆಯನ್ನು ಬೇಗ ಎಳೆಯುತ್ತೆ. ಫ್ರಿಜ್‌ನಲ್ಲಿಟ್ಟು ದಿನಾ ಹೊರಗೆ ತೆಗೆದರೆ ತಣ್ಣನೆ ಬೀಜದ ಮೇಲೆ ತೇವ ಕೂರುತ್ತೆ, ಹಾಗಾಗಿ ಅದೂ ಬೇಡ. ಮಳೆಗಾಲದಲ್ಲಿ ಒದ್ದೆ ಚಮಚ ಡಬ್ಬಕ್ಕೆ ಹಾಕದಂತೆ ನೋಡಿಕೊಳ್ಳಿ.

ಅವತ್ತೇ ಹುರಿದ ಬೀಜ ತಂದರೆ ಒಂದೆರಡು ದಿನ ಬಿಟ್ಟು ಬಳಸಿ. ಅನಿಲ ತೀರಾ ಜಾಸ್ತಿ ಇದ್ದಾಗ ನೀರು ಸರಿಯಾಗಿ ಇಳಿಯಲ್ಲ. ಕೆಲವು ಪ್ಯಾಕೆಟ್ ಮೇಲೆ ಗುಂಡಿಯಂಥ ಸಣ್ಣ ತೂತು ಇರುತ್ತಲ್ಲ, ಅದು ಅನಿಲ ಹೊರಗೆ ಹೋಗೋಕೆ, ಗಾಳಿ ಒಳಗೆ ಬರದಿರೋಕೆ ಮಾಡಿದ ವಾಲ್ವ್.

ಹೋಟೆಲ್, ದಿನಸಿ ಅಂಗಡಿಯವರಿಗೆ

ದಿನಕ್ಕೆ ನೂರು ಲೋಟ ಕಾಫಿ ಮಾರುವ ಹೋಟೆಲ್‌ಗೆ 600ರಿಂದ 700 ಗ್ರಾಂ ಬೇಕು. ಇಷ್ಟಕ್ಕೆ ಮನೆ ಮಿಕ್ಸಿ ತಾಳಲ್ಲ, ಚಕ್ರದ ಗ್ರೈಂಡರ್ ಬೇಕು. ಅದಕ್ಕೆ ಬಂಡವಾಳ ಇಲ್ಲದಿದ್ದರೆ ವಾರಕ್ಕೊಂದೇ ಸಲ ಐದು ಕೆ.ಜಿ. ಪುಡಿ ತರೋ ಬದಲು ಎರಡು ಸಲ ಎರಡೂವರೆ ಕೆ.ಜಿ. ತನ್ನಿ. ದುಡ್ಡು ಅಷ್ಟೇ, ರುಚಿ ಬೇರೆ. ಬೆಳಗ್ಗೆ ಹಾಕಿದ ಡಿಕಾಕ್ಷನ್ ಸಂಜೆವರೆಗೆ ಬಿಸಿ ನೀರಲ್ಲಿಡೋದಕ್ಕಿಂತ ಎರಡು ಮೂರು ಸಲ ಸ್ವಲ್ಪ ಸ್ವಲ್ಪ ಹಾಕಿ.

ದಿನಸಿ ಅಂಗಡಿಯವರು ಎರಡು ಡಬ್ಬ ಹುರಿದ ಬೀಜ, ಒಂದು ಚಿಕ್ಕ ಗ್ರೈಂಡರ್ ಇಟ್ಟುಕೊಂಡು, ಗಿರಾಕಿ ಕಣ್ಣೆದುರೇ 100 ಗ್ರಾಂ ಪುಡಿ ಮಾಡಿಕೊಟ್ಟರೆ ಪ್ಯಾಕೆಟ್ ಮಾರುವ ಪಕ್ಕದ ಅಂಗಡಿಗೂ ನಿಮಗೂ ವ್ಯತ್ಯಾಸ ಗೊತ್ತಾಗುತ್ತೆ. ಆದರೆ ಬೀಜ ಹೋಗದೆ ತಿಂಗಳು ಉಳಿದರೆ ನಷ್ಟ. ಮೊದಲು ಒಂದೆರಡು ಕೆ.ಜಿ. ತರಿಸಿ ನೋಡಿ. ಆಹಾರ ಸುರಕ್ಷತಾ ನೋಂದಣಿ, ಮುದ್ರೆ ಹಾಕಿಸಿದ ತಕ್ಕಡಿ ಇರಲಿ. ಚಿಕೋರಿ ಬೆರೆಸಿದರೆ ಎಷ್ಟು ಅಂತ ಬರೆದೇ ಕೊಡಿ. ಕಲಿಯೋ ಆಸಕ್ತಿ ಇದ್ದರೆ ಕಾಫಿ ಮಂಡಳಿ ಬೆಂಗಳೂರಿನಲ್ಲಿ 'ಕಾಪಿ ಶಾಸ್ತ್ರ' ಹೆಸರಲ್ಲಿ ಹುರಿಯುವುದು, ಕಾಫಿ ತಯಾರಿಸುವುದರ ತರಬೇತಿ ನಡೆಸುತ್ತೆ.

ಪದೇಪದೇ ಕೇಳೋ ಪ್ರಶ್ನೆಗಳು

ಖರ್ಚು ಕಮ್ಮಿ ಆಗುತ್ತಾ?
ಕೆ.ಜಿ. ಬೆಲೆ ನೋಡಿದರೆ ಆಗಲ್ಲ. ಬರೀ ಕಾಫಿ ಬೀಜ ಚಿಕೋರಿ ಮಿಶ್ರಣಕ್ಕಿಂತ ದುಬಾರಿನೇ. ಆದರೆ ನೀವು ಕೊಡೋ ದುಡ್ಡೆಲ್ಲಾ ಕಾಫಿಗೇ ಹೋಗುತ್ತೆ, ಘಮ ಹೋಯ್ತು ಅಂತ ಚಮಚ ಹೆಚ್ಚಿಸೋದು ತಪ್ಪುತ್ತೆ.

ಇನ್‌ಸ್ಟಂಟ್ ಕಾಫಿಗೂ ಇದಕ್ಕೂ ಏನು ಸಂಬಂಧ?
ಅದು ಪುಡಿ ಅಲ್ಲ. ಡಿಕಾಕ್ಷನ್ ತೆಗೆದು ಒಣಗಿಸಿದ್ದು. ಹಾಗಾಗಿ ಪೂರ್ತಿ ಕರಗುತ್ತೆ. ಅದರಲ್ಲೂ ಚಿಕೋರಿ ಬೆರೆಸಿದ್ದು ಇರುತ್ತೆ, ಲೇಬಲ್ ನೋಡಿ.

ಹಸಿ ಬೀಜ ತಂದು ಮನೇಲೇ ಹುರೀಬಹುದಾ?
ಆಗುತ್ತೆ. ದಪ್ಪ ತಳದ ಬಾಣಲೆಯಲ್ಲಿ ಸ್ವಲ್ಪ ಸ್ವಲ್ಪ ಹಾಕಿ ಕೈ ಬಿಡದೆ ತಿರುವಬೇಕು. ಬೀಜ ಚಟಪಟ ಅಂತ ಸಿಡಿದು ಕಂದು ಬಣ್ಣಕ್ಕೆ ಬಂದ ಮೇಲೆ ಇಳಿಸಿ, ಮೊರದಲ್ಲಿ ಹರಡಿ ಬೇಗ ಆರಿಸಿ. ಹೊಗೆ ಬರುತ್ತೆ, ಕಿಟಕಿ ತೆಗೆದಿಡಿ. ಒಂದು ಕೆ.ಜಿ. ಹಸಿ ಬೀಜ ಹುರಿದರೆ 800ರಿಂದ 850 ಗ್ರಾಂಗೆ ಇಳಿಯುತ್ತೆ.

ಉಳಿದ ಚರಟ ಏನು ಮಾಡೋದು?
ಗೊಬ್ಬರದ ಗುಂಡಿಗೆ ಹಾಕಿ. ಗಿಡದ ಬುಡಕ್ಕೆ ದಪ್ಪಗೆ ಸುರಿಯಬೇಡಿ, ಒಣಗಿ ಪದರ ಕಟ್ಟಿ ನೀರು ಇಳಿಯದಂತೆ ಮಾಡುತ್ತೆ.

ಬೀಜ ಎಲ್ಲೂ ಸಿಗ್ತಿಲ್ಲ, ಏನು ಮಾಡೋದು?
ಪುಡಿಯನ್ನೇ 100 ಗ್ರಾಂ ಪೊಟ್ಟಣದಲ್ಲಿ, ಕಣ್ಣೆದುರು ಪುಡಿ ಮಾಡಿಸಿ ತನ್ನಿ. ಅರ್ಧ ಲಾಭ ಅಲ್ಲೇ ಸಿಗುತ್ತೆ.

ನಂಬೋದು ಬೇಡ, ಮಾಡಿ ನೋಡಿ

ಒಂದೇ ಅಂಗಡಿಯಲ್ಲಿ ಒಂದೇ ಬೀಜ 200 ಗ್ರಾಂ ತಗೊಳ್ಳಿ. 100 ಗ್ರಾಂ ಅಲ್ಲೇ ಪುಡಿ ಮಾಡಿಸಿ, 100 ಗ್ರಾಂ ಬೀಜವಾಗೇ ತನ್ನಿ. ಎರಡನ್ನೂ ಒಂದೇ ಥರದ ಡಬ್ಬದಲ್ಲಿ ಪಕ್ಕಪಕ್ಕ ಇಡಿ. ಏಳನೇ ದಿನ ಬೀಜವನ್ನು ಪುಡಿ ಮಾಡಿ, ಎರಡಕ್ಕೂ ಅಷ್ಟೇ ಪುಡಿ, ಅಷ್ಟೇ ನೀರು, ಅದೇ ಹಾಲು ಹಾಕಿ ಎರಡು ಕಾಫಿ ಮಾಡಿ. ಯಾವುದು ಯಾವುದು ಅಂತ ಹೇಳದೆ ಮನೆಯವರ ಕೈಗೆ ಕೊಡಿ. ಮನೆಯವರು ವ್ಯತ್ಯಾಸವೇ ಇಲ್ಲ ಅಂದರೆ ಈಗಿರೋ ಪ್ಯಾಕೆಟ್ಟೇ ಸಾಕು, ಮಿಕ್ಸಿಗೆ ಕೆಲಸ ಕೊಡಬೇಡಿ. ನಮ್ಮನೇಲಿ ಅಪ್ಪ ಎರಡನೇ ಲೋಟ ಕೇಳಿದರು. ಈಗ ಬೆಳಗ್ಗೆ ಮಿಕ್ಸಿ ಹಾಕೋದು ಅವರೇ.